ಜರಾ ಸರೀರಿ, ಜಗಾ ಅದ

ನಮ್ಮ ಓಣಿಯ ಎಟಿಎಂ ಬಾಗಿಲಿಗೆ ‘ಒಮ್ಮೆಗೆ ಒಬ್ಬರೇ ಒಳಗೆ’ ಎಂದು ಬರೆದಿದೆ. ಹೋದ ವಾರ ಒಳಗೆ ನಾವು ನಾಲ್ಕು ಜನ ಇದ್ದೆವು. ಗುಂಡಿ ಒತ್ತುವವನು ನಾನು, ನೋಡುವವರು ಮೂವರು. ನನ್ನ ಬೆನ್ನಿಗೆ ಅಂಟಿ ನಿಂತವರು ಮಧ್ಯಾಹ್ನ ರೊಟ್ಟಿಯ ಜೊತೆ ಪುಂಡಿಪಲ್ಲೆ ಉಂಡಿದ್ದಾರೆ ಅನ್ನೋದು ತಿರುಗಿ ನೋಡದೆಯೇ ಗೊತ್ತಾಯಿತು. ಪಿನ್ ಒತ್ತುವಾಗ ಕೈ ಅಡ್ಡ ಹಿಡಿದೆ. ಅವರಿಗೆ ಬೇಜಾರಾಯಿತು. ‘ಯಾಕ್ರೀ, ನಾವೇನ್ ಕಳ್ಳರೇನು?’ ಅವರ ಮನಸ್ಸು ನೋಯಿಸೋದು ಬೇಡ ಅಂತ ಮುಂದಿನದ್ದನ್ನೆಲ್ಲ ಕಾಣುವ ಹಾಗೇ ಒತ್ತಿದೆ. ‘ಐನೂರಕ್ಕ ಏನ್ ಬರ್ತದ್ರೀ ಈಗ? ಎರಡ್ ಸಾವಿರ ಹೊಡೀರಿ’ ಅಂದರು. ಹೊಡೆದೆ. ಖಾತೆಯಲ್ಲಿ ಅಷ್ಟು ಹಣವಿಲ್ಲ ಎಂದಿತು ಯಂತ್ರ. ನಾಲ್ಕೂ ಜನ ಒಟ್ಟಿಗೆ ‘ಛೇ ಛೇ’ ಅಂದೆವು.

ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಈ ಎಟಿಎಂ ನೋಡಲಿಲ್ಲ. ನೋಡಿದ್ದರೆ 1966ರಲ್ಲಿ ಬಂದ ತಮ್ಮ ಪುಸ್ತಕವನ್ನು ಅಲ್ಲೇ ಹರಿದು, ನೆಲದ ಮೇಲೆ ಬಿದ್ದ ರಸೀದಿಗಳ ಜೊತೆ ಬಿಟ್ಟು ಹೋಗುತ್ತಿದ್ದರು. ಮನುಷ್ಯನ ಸುತ್ತ ಕಣ್ಣಿಗೆ ಕಾಣದ ಬೇಲಿ ಇರುತ್ತದೆ, ಅದಕ್ಕೆ ಅಳತೆಯೂ ಇದೆ ಅಂತ ಅವರ ವಾದ. 18 ಇಂಚಿನ ಒಳಗೆ ಹೆಂಡತಿ-ಮಕ್ಕಳು. ಅಲ್ಲಿಂದ 4 ಅಡಿವರೆಗೆ ಗೆಳೆಯರು. 4ರಿಂದ 12 ಅಡಿ ವ್ಯವಹಾರದವರು. ಅದರಾಚೆ ಭಾಷಣ ಮಾಡುವವರು. 18 ಇಂಚು ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಮೊಳ, ಸೂಪರ್ ಮಾರ್ಕೆಟ್ ಅನ್ನೋ ನಮ್ಮೂರ ಪೇಟೆಯಲ್ಲಿ ಮಲ್ಲಿಗೆ ಅಳೆಯುತ್ತಾರಲ್ಲ, ಅದೇ ಮೊಳ. ಕಲಬುರಗಿಯಲ್ಲಿ ಯಾರಾದರೂ ಮೊಳ ದೂರ ನಿಂತು ಮಾತಾಡಿದರೆ ‘ಯಾಕೋ ಸಿಟ್ಟಾಗ್ಯಾನ’ ಅಂತ ತಿಳಿಯುತ್ತೇವೆ. ಈ ಅಳತೆ ಅಮೆರಿಕದವರದ್ದು, ಎಲ್ಲರಿಗೂ ಹೊಂದಲ್ಲ ಅಂತ ಹಾಲ್ ಅವರೇ ಹೇಳಿದ್ದರು. ಅಷ್ಟು ಹೇಳಿ ಬಚಾವಾದರು.

ಬಚಾವಾಗದವನು ನಮ್ಮಕ್ಕನ ಮಗ. ನಾಲ್ಕು ವರ್ಷ ಫಿನ್ಲೆಂಡಿನಲ್ಲಿದ್ದು ರಜೆಗೆ ಬಂದಿದ್ದ. ಅಲ್ಲಿ ಬಸ್ಸಿಗೆ ಐದು ಜನ ಕಾದರೆ ನಮ್ಮಲ್ಲಿ ಐವತ್ತು ಜನ ನಿಲ್ಲುವಷ್ಟು ಉದ್ದ ಆಗುತ್ತದಂತೆ. ಆ ರೂಢಿಯಲ್ಲೇ ನಮ್ಮ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿಗೆ ಹೋದ. ಮುಂದಿನವರಿಂದ ಎರಡು ಹೆಜ್ಜೆ ಬಿಟ್ಟು ನಿಂತ. ಒಬ್ಬರು ಬಂದು ಕೇಳಿದರು, ‘ಪಾಳಿದಾಗ ಅದೀರೇನ್ರೀ?’ ಇವನು ಹೌದು ಅಂದ. ‘ಮತ್ತ ಅಷ್ಟ್ ಹಿಂದ್ಯಾಕ ನಿಂತೀರಿ?’ ಅನ್ನುತ್ತಲೇ ಆ ಎರಡು ಹೆಜ್ಜೆಯಲ್ಲಿ ಅವರು ನಿಂತರು. ಇವನು ಮತ್ತೆರಡು ಹೆಜ್ಜೆ ಹಿಂದೆ ಸರಿದ. ಅಲ್ಲಿಗೆ ಇನ್ನೊಬ್ಬರು ಬಂದರು. ಹೋದಾಗ ಐದನೆಯವನು, ಅರ್ಧ ತಾಸಿನ ಮೇಲೆ ಹನ್ನೊಂದನೆಯವನು. ಸೊಲ್ಲಾಪುರದ ಕಡೆಯ ಗಾಡಿ ಹೋಯಿತು. ಮನೆಗೆ ಬಂದು ‘ಮಾಮಾ, ಇಲ್ಲಿ ಪಾಳಿ ಹಿಂದಕ್ಕ ಓಡ್ತದ’ ಅಂದ. ಪಾಳಿಯಲ್ಲಿ ಖಾಲಿ ಜಾಗ ಬಿಡೋದು ಅಂದರೆ ರಿಂಗ್ ರೋಡಿನಲ್ಲಿ ಕಂಪೌಂಡ್ ಇಲ್ಲದ ಸೈಟು ಬಿಟ್ಟ ಹಾಗೆ, ಬೆಳಗಾಗುವುದರೊಳಗೆ ಯಾರೋ ತಗಡಿನ ಶೆಡ್ ಹಾಕಿರುತ್ತಾರೆ ಅಂತ ತಿಳಿಸಿ ಹೇಳಿದೆ.

ಇದಕ್ಕೆಲ್ಲ ಬಿಸಿಲೇ ಕಾರಣವೋ ಏನೋ. 42 ದೇಶಗಳ ಸುಮಾರು 9000 ಜನರನ್ನು ಕೇಳಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಅಪರಿಚಿತರನ್ನು ಅತಿ ದೂರ ನಿಲ್ಲಿಸುವವರು ರೊಮೇನಿಯಾದವರು, ಹತ್ತಿರ ಬಿಟ್ಟುಕೊಳ್ಳುವವರು ಅರ್ಜೆಂಟೀನಾದವರು. ಸೆಕೆ ಜಾಸ್ತಿ ಇರುವ ದೇಶದಲ್ಲಿ ಜನ ಅಪರಿಚಿತರಿಗೆ ಹತ್ತಿರ ನಿಲ್ಲುತ್ತಾರಂತೆ. ಓದಿ ನನಗೆ ನಗು ಬಂತು. ಮೇ ತಿಂಗಳು, ನೆತ್ತಿ ಒಡೆಯುವ ಬಿಸಿಲು, ಶಹಾಬಾದಿ ಕಲ್ಲಿನ ಮೇಲೆ ಬರಿಗಾಲು ಇಟ್ಟರೆ ಬೊಬ್ಬೆ ಏಳುತ್ತದೆ. ಎಮ್ಮೆಗಳು ಕೂಡ ಒಂದಕ್ಕೊಂದು ತಾಗದಂತೆ ಮಲಗಿರುತ್ತವೆ. ನಾವು ಮಾತ್ರ ರೇಷನ್ ಅಂಗಡಿ ಮುಂದೆ ಬೆವರು ಹಂಚಿಕೊಂಡು ನಿಂತಿರುತ್ತೇವೆ.

ದೂರ ನಿಲ್ಲಿ ಅಂತ ಸರಕಾರವೇ ಕೈ ಮುಗಿದ ಕಾಲವೂ ಇತ್ತು. ದೇಶದಲ್ಲಿ ಕೊರೊನಾದ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯವರದ್ದೇ, 2020ರ ಮಾರ್ಚ್‌ನಲ್ಲಿ. ನಾವೇ ಎಲ್ಲರಿಗಿಂತ ಮೊದಲು ಹೆದರಬೇಕಿತ್ತು, ಹೆದರಿದೆವು ಕೂಡ. ಕಿರಾಣಿ ಅಂಗಡಿ ಮುಂದೆ ಸುಣ್ಣದಲ್ಲಿ ದುಂಡಗೆ ಗೀಚಿದರು. ಪ್ರತಿ ಗೆರೆಯ ಒಳಗೂ ಶಿಸ್ತಾಗಿ ಒಂದೊಂದು ಜೊತೆ ಚಪ್ಪಲಿ. ಚಪ್ಪಲಿಗಳು ಒಂದಕ್ಕೊಂದು ಮೂರಡಿ ದೂರ ಬಿಸಿಲಲ್ಲಿ ಕಾಯುತ್ತಿದ್ದವು. ಚಪ್ಪಲಿಯ ಒಡೆಯರು ಬೇವಿನ ಗಿಡದ ನೆರಳಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತು, ‘ಈ ಮಂದಿ ದೂರ ನಿಂದ್ರಂಗಿಲ್ಲ ನೋಡ್ರಿ’ ಅಂತ ಮಾತಾಡುತ್ತಿದ್ದರು.

ಹೆಂಗಸರನ್ನು ಕೇಳಿದರೆ ಇದರಲ್ಲಿ ಅರ್ಧಕ್ಕೆ ನಗು ಬರಲ್ಲ. ನನ್ನ ಹೆಂಡತಿಯ ಪರ್ಸಿನಲ್ಲಿ ಯಾವಾಗಲೂ ಒಂದು ದೊಡ್ಡ ಪಿನ್ನು ಇರುತ್ತದೆ. ಅದು ಸೆರಗಿಗೆ ಅಂತ ನಾನು ಬಹಳ ವರ್ಷ ತಿಳಿದಿದ್ದೆ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಅವತ್ತಿನಿಂದ ಗಂಡಸರೆಲ್ಲ ‘ಜಗಾನೇ ಸಿಗಂಗಿಲ್ಲ’ ಅಂತ ಗೊಣಗುತ್ತಾರೆ, ಅದಕ್ಕೂ ಮೊದಲು ಕಾಲು ಚಾಚಿ ಮಲಗಿ ಹೋಗುತ್ತಿದ್ದವರ ಹಾಗೆ.

ಮೊನ್ನೆ ಆಳಂದಕ್ಕೆ ಹೊರಟಿದ್ದೆ. 40 ಕಿಲೋಮೀಟರ್ ದಾರಿ. ಕಿಟಕಿಯಿಂದ ದಸ್ತಿ ಎಸೆದು ಸೀಟು ಹಿಡಿದೆ. ಇದೊಂದು ವಿಚಿತ್ರ ನೋಡಿ. ಜೀವ ಇರುವ ಮನುಷ್ಯ ನಿಂತ ಜಾಗಕ್ಕೆ ಬೆಲೆ ಇಲ್ಲ, ಮೂಗು ಒರೆಸಿದ ದಸ್ತಿ ಬಿದ್ದ ಜಾಗವನ್ನು ಯಾರೂ ಮುಟ್ಟಲ್ಲ.

ಪಕ್ಕದಲ್ಲಿ ಧೋತರ ಉಟ್ಟ ಹಿರಿಯರೊಬ್ಬರು ಕೂತರು. ತೊಗರಿಬೇಳೆಯ ಚೀಲ ನನ್ನ ತೊಡೆಯ ಮೇಲೆ ಇಟ್ಟರು. ಹೇಳಲೂ ಇಲ್ಲ, ಕೇಳಲೂ ಇಲ್ಲ. ನನ್ನ ಮೊಬೈಲಿನಲ್ಲಿ ನನ್ನ ಜೊತೆಗೇ ಓದಿದರು, ‘ತಡೀರಿ, ಮುಂದಕ್ಕ ಸರಸಬ್ಯಾಡ್ರಿ’ ಅಂದರು. ಹುರಿದ ಶೇಂಗಾ ಕೊಟ್ಟರು. ಆಮೇಲೆ ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋದರು. ಅಮೆರಿಕದವರು ಗಾಡಿಯಲ್ಲಿ ಹೀಗೆ ಇಕ್ಕಟ್ಟಾದರೆ ಮೈ ಸೆಟೆಸಿ ಎಲ್ಲೋ ನೋಡುತ್ತ ನಿಲ್ಲುತ್ತಾರೆ ಅಂತ ಹಾಲ್ ಬರೆದಿದ್ದಾರೆ. ಪಾಪ, ಶೇಂಗಾ ಕೊಡುವವರಿಲ್ಲ.

ಎಚ್ಚರವಾದ ಮೇಲೆ ಹಿರಿಯರು ಕೇಳಿದರು, ‘ಹೆಸರೇನ್ರೀ?’ ಹೇಳಿದೆ. ‘ಅಡ್ಡಹೆಸರು?’ ಊರಿನ ಹೆಸರು ಹೇಳಿದೆ. ಅದರಿಂದ ಅವರಿಗೆ ಏನೂ ತಿಳಿಯಲಿಲ್ಲ. ‘ಅಲ್ರೀ, ನೀವು ಯಾವ ಪೈಕಿ?’ ಅದನ್ನೂ ಹೇಳಿದೆ.

‘ಹಾಂ ಹಾಂ’ ಅಂದರು. ಚೀಲ ನನ್ನ ತೊಡೆಯಿಂದ ಅವರ ತೊಡೆಗೆ ಹೋಯಿತು. ಶೇಂಗಾದ ಪೊಟ್ಟಣ ಜೇಬಿಗೆ ಹೋಯಿತು. ಸೂಜಿ ಬಿದ್ದರೂ ನೆಲ ಮುಟ್ಟದಷ್ಟು ತುಂಬಿದ ಬಸ್ಸಿನಲ್ಲಿ, ನನಗೂ ಅವರಿಗೂ ನಡುವೆ ಸರಿಯಾಗಿ ಒಂದು ಗೇಣು ಜಾಗ ಬಿಟ್ಟಿತು. ಎಟಿಎಂನಲ್ಲಿ ಸಿಗದ್ದು, ಟಿಕೆಟ್ ಕಿಟಕಿಯಲ್ಲಿ ಸಿಗದ್ದು, ಕೊರೊನಾದಲ್ಲೂ ಸಿಗದ್ದು. ಹಾಲ್ ಟೇಪು ಹಿಡಿದು ಬಂದಿದ್ದರೆ ಇಲ್ಲಿ ಅಳೆಯಬಹುದಿತ್ತು.

ಅಷ್ಟರಲ್ಲಿ ಕಂಬ ಹಿಡಿದು ನಿಂತಿದ್ದ ಆಯಿಯೊಬ್ಬಳ ಕಣ್ಣಿಗೆ ಆ ಗೇಣು ಬಿತ್ತು. ‘ಜರಾ ಸರೀರಿ, ಜಗಾ ಅದ’ ಅನ್ನುತ್ತ ನಮ್ಮಿಬ್ಬರನ್ನೂ ಒಂದೊಂದು ಮಗ್ಗುಲಿಗೆ ತಳ್ಳಿ ಕೂತೇಬಿಟ್ಟಳು. ಬಗಲಲ್ಲಿದ್ದ ಮೊಮ್ಮಗನನ್ನು ಹಿರಿಯರ ತೊಡೆಯ ಮೇಲೆ, ಬೇಳೆ ಚೀಲದ ಮೇಲೇ ಕೂಡಿಸಿದಳು. ಹೆಸರು ಕೇಳಲು ಹಿರಿಯರು ಬಾಯಿ ತೆರೆದರು. ಹುಡುಗ ಅಷ್ಟರಲ್ಲಿ ಅವರ ಜೇಬಿಗೆ ಕೈ ಹಾಕಿ ಶೇಂಗಾ ತೆಗೆದಿದ್ದ.