ಕೈ ಎತ್ತಿದವರ ಹೆಸರು ಗೊತ್ತಿರಬೇಕು

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನಲ್ಲಿ. ಬಾಸ್ಟನ್ನಿನಿಂದ ಚಾರ್ಲ್ಸ್ ನದಿ ದಾಟಿದರೆ ಸಿಗುವ ಸಣ್ಣ ಊರು. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 1,18,000 ಚಿಲ್ಲರೆ. ಹಾರ್ವರ್ಡ್, ಎಂಐಟಿ ಇರುವ ಊರೆಂದು ಎಲ್ಲರಿಗೂ ಗೊತ್ತು. ನನ್ನ ಮನಸ್ಸು ಅಂಟಿಕೊಂಡಿರುವುದು ಮಾತ್ರ ಇಲ್ಲಿನ ನಗರಸಭೆಗೆ. ಸೋಮವಾರ ಸಂಜೆ ಸಭೆ ಸೇರುತ್ತದೆ. ನನಗೆ ಇಲ್ಲಿ ಮತದಾನದ ಹಕ್ಕಿಲ್ಲ. ಆದರೂ ಹೆಸರು ಬರೆಸಿ, ಸರದಿ ಬಂದಾಗ ಎದ್ದು ನಿಂತು ಎರಡು ಮೂರು ನಿಮಿಷ ಮಾತಾಡಬಹುದು.

ಮೊದಲ ಸಲ ಹೋದದ್ದು ಸಿಟ್ಟಿನಲ್ಲಿ. ಊರಿನಲ್ಲಿ ಸುಮಾರು 40 ಕಿಲೋಮೀಟರ್ ಪ್ರತ್ಯೇಕ ಸೈಕಲ್ ದಾರಿ ಮಾಡಬೇಕೆಂದು ನಗರಸಭೆ ಕಾನೂನು ಮಾಡಿತ್ತು. ಅದಕ್ಕಾಗಿ ರಸ್ತೆಬದಿಯ ಪಾರ್ಕಿಂಗ್ ಹೋಗುತ್ತಿತ್ತು. ನನಗಿಂತ ಮುಂಚೆ ಮಾತಾಡಿದ ಅಜ್ಜಿಯೊಬ್ಬರು, ಕಾರು ದೂರ ನಿಲ್ಲಿಸಿ ಮಂಜಿನ ಮೇಲೆ ನಡೆದು ಬರಲು ತಮ್ಮ ಮಂಡಿಗೆ ಶಕ್ತಿಯಿಲ್ಲ ಎಂದರು. ಅವರ ನಂತರ ಬಂದ ತಾಯಿ, ಮಗುವನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಹೋಗುವಾಗ ಲಾರಿಗಳು ಮೈಗೆ ತಾಗುವಷ್ಟು ಹತ್ತಿರ ಬರುತ್ತವೆ ಎಂದರು. ಇಬ್ಬರೂ ಹೇಳಿದ್ದು ನಿಜವೇ. ನಾನು ಬರೆದುಕೊಂಡು ಹೋದ ಮಾತು ಜೇಬಿನಲ್ಲೇ ಉಳಿಯಿತು. ಎದುರಿಗೆ ಕೂತಿದ್ದ ಒಂಬತ್ತು ಕೌನ್ಸಿಲರ್‌ಗಳ ಮುಖ ನೋಡುತ್ತಾ ಕೂತೆ. ಇವರಲ್ಲಿ ಒಬ್ಬೊಬ್ಬರೂ ಆ ಅಜ್ಜಿಗಾಗಲಿ ಆ ತಾಯಿಗಾಗಲಿ ‘ಇಲ್ಲ’ ಎನ್ನಲೇಬೇಕು, ಅದನ್ನೂ ಹೆಸರು ಕೂಗಿದಾಗ ಬಾಯಿಬಿಟ್ಟು ಹೇಳಬೇಕು. ನಾಳೆ ದಿನಸಿ ಅಂಗಡಿಯಲ್ಲಿ ಅದೇ ಅಜ್ಜಿ ಎದುರಾಗುತ್ತಾರೆ.

ಆ ಕುರ್ಚಿಯಲ್ಲಿ ಕೂತವರಿಗೆ ಮನೆ, ಪಾರ್ಕಿಂಗ್, ಬಜೆಟ್ ಮೂರು ಬೇರೆ ಬೇರೆ ಕಡತಗಳಾಗಿ ಕಾಣುವುದಿಲ್ಲ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು. ಈ ರಾಜ್ಯದಲ್ಲಿ 1980ರಲ್ಲಿ ಜನರೇ ಮತ ಹಾಕಿ ತಂದ ಕಾನೂನೊಂದಿದೆ: ಊರಿನ ಜನ ಮತ ಹಾಕಿ ಒಪ್ಪದ ಹೊರತು, ಊರು ಎತ್ತಬಹುದಾದ ಒಟ್ಟು ಆಸ್ತಿ ತೆರಿಗೆಯ ಮಿತಿ ವರ್ಷಕ್ಕೆ ಎರಡೂವರೆ ಶೇಕಡಾಕ್ಕಿಂತ ಹೆಚ್ಚು ಏರುವಂತಿಲ್ಲ. ಹೊಸದಾಗಿ ಕಟ್ಟಿದ್ದರ ತೆರಿಗೆ ಈ ಮಿತಿಯ ಮೇಲೆ ಸೇರುತ್ತದೆ. ಹಾಗಾಗಿ ಹೊಸ ಕಟ್ಟಡ ಬೇಡವೆಂದರೆ ಮುಂದೆ ಶಾಲೆಗೋ ಲೈಬ್ರರಿಗೋ ಹಣ ಕಡಿಮೆಯಾಗಬಹುದು. ಕಟ್ಟಡ ಬೇಕೆಂದರೆ ಅದರ ಕಾರುಗಳು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ.

ಈ ಪ್ರಶ್ನೆಗೆ ಕೇಂಬ್ರಿಡ್ಜ್ 2022ರಲ್ಲಿ ಕೊಟ್ಟ ಉತ್ತರ ನನ್ನನ್ನು ಬೆಚ್ಚಿಬೀಳಿಸಿತ್ತು. ಮನೆ ಕಟ್ಟುವವರು ಇಷ್ಟು ಕಾರಿಗೆ ಜಾಗ ಬಿಡಲೇಬೇಕೆಂಬ ನಿಯಮವನ್ನೇ ಊರಿಡೀ ತೆಗೆದುಹಾಕಿದರು. ಬಫಲೋ ನಗರ 2017ರಲ್ಲಿ, ಮಿನಿಯಾಪೊಲಿಸ್ 2021ರಲ್ಲಿ ಇದನ್ನೇ ಮಾಡಿದ್ದವು. ಲೆಕ್ಕ ಹಾಕಿದಾಗ ನನಗೆ ವಿಷಯ ಹೊಳೆಯಿತು. ಒಂದು ಕಾರು ನಿಲ್ಲಲು, ಒಳಗೆ ಹೊರಗೆ ಓಡಾಡುವ ದಾರಿಯೂ ಸೇರಿ, ಸುಮಾರು 300 ಚದರಡಿ ಬೇಕು. ನಮ್ಮ ಬೆಂಗಳೂರಿನ ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಅದು ಸರಿಯಾಗಿ ಅರ್ಧ. ಆ ಜಾಗದ ಖರ್ಚು ಮನೆಯ ಬೆಲೆಯೊಳಗೋ ಬಾಡಿಗೆಯೊಳಗೋ ಸೇರಿಯೇ ಸೇರುತ್ತದೆ; ಕಾರೇ ಇಲ್ಲದ ಬಾಡಿಗೆದಾರನೂ ಅದನ್ನು ತೆರುತ್ತಾನೆ. 2025ರ ಫೆಬ್ರುವರಿಯಲ್ಲಿ ಇದೇ ನಗರಸಭೆ ಇನ್ನೂ ಮುಂದೆ ಹೋಗಿ, ಊರಿನ ಯಾವ ಬಡಾವಣೆಯಲ್ಲಾದರೂ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟಬಹುದೆಂದಿತು. ಜಾಗ 5,000 ಚದರಡಿಗೆ ಕಡಿಮೆಯಿಲ್ಲದೆ, ಐದರಲ್ಲಿ ಒಂದು ಪಾಲನ್ನು ಕಡಿಮೆ ಆದಾಯದವರಿಗೆ ಕೈಗೆಟುಕುವ ದರದಲ್ಲಿ ಕೊಟ್ಟರೆ ಆರು ಮಹಡಿ. ಎಂಟು ಮತ ಪರ, ಒಂದು ವಿರುದ್ಧ. ಆ ಎಂಟು ಯಾರು, ಒಂದು ಯಾರು ಎಂದು ಊರಿಗೆಲ್ಲ ಗೊತ್ತು. ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಒಂಬತ್ತು ಜನರೂ ಮತ್ತೆ ಜನರ ಮುಂದೆ ನಿಲ್ಲಬೇಕು.

ಈಗ ನಮ್ಮೂರಿನ ಕಾರ್ಪೊರೇಟರ್‌ ಕುರ್ಚಿಯಲ್ಲಿ ಕೂತು ನೋಡೋಣ. 2015ರಲ್ಲಿ ಬಿಬಿಎಂಪಿಗೆ 198 ಜನ ಆರಿಸಿ ಬಂದರು. 2011ರ ಜನಗಣತಿಯ ಲೆಕ್ಕ ಹಿಡಿದರೆ ಒಬ್ಬರ ಪಾಲಿಗೆ ಸರಾಸರಿ 42,600 ಜನ. ಕೇಂಬ್ರಿಡ್ಜ್‌ನಲ್ಲಿ ಅದು 13,000. ಊರು ಹೇಗೆ ಬೆಳೆಯಬೇಕೆಂಬ ಮಾಸ್ಟರ್ ಪ್ಲಾನ್ ಬಿಡಿಎ ಕೈಯಲ್ಲಿತ್ತು. 2015ನೇ ಇಸವಿಗೆಂದು ಬರೆದ ಆ ಪ್ಲಾನೇ ಅದರ ಗಡುವು ಮುಗಿದು ವರ್ಷಗಳಾದ ಮೇಲೂ ನಡೆಯಿತು. ದೊಡ್ಡ ದುಡ್ಡಿನ ಮಾತೆಲ್ಲ ವಿಧಾನಸೌಧದಲ್ಲಿ. ವಾರ್ಡಿನ ಕಾರ್ಪೊರೇಟರ್‌ಗೆ ಉಳಿದದ್ದು ಬೀದಿದೀಪ, ಮೋರಿ, ಕಸದ ಆಟೊ. ನಾವೂ ಅವರನ್ನು ಅಳೆದದ್ದು ಅದರಲ್ಲೇ. ಮೂರಂತಸ್ತಿಗೆ ಪ್ಲಾನ್ ಸ್ಯಾಂಕ್ಷನ್ ಆದ ಕಡೆ ಐದು ಎದ್ದಾಗ, ಕಾರಿಗೆಂದು ಬಿಟ್ಟ ಸ್ಟಿಲ್ಟ್‌ನಲ್ಲಿ ಅಂಗಡಿ ತೆರೆದಾಗ ಯಾರನ್ನು ಕೇಳಬೇಕೆಂದೇ ತಿಳಿಯದಂತೆ ಅಧಿಕಾರ ಹಂಚಿಹೋಗಿತ್ತು. ಕೈಯಲ್ಲಿ ಅಧಿಕಾರ ಇಲ್ಲದವರನ್ನು ಬೈಯುವುದು ಸುಲಭ. ನಾನೂ ಬೈದಿದ್ದೇನೆ, ಅದು ತಪ್ಪೆಂದು ಈಗ ಅನಿಸುತ್ತದೆ.

ಆಮೇಲೆ ಆ ಕುರ್ಚಿಯೇ ಖಾಲಿಯಾಯಿತು. 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಆ ಡಿಸೆಂಬರಿನಲ್ಲಿ ಹೈಕೋರ್ಟ್ ಚುನಾವಣೆ ನಡೆಸಿ ಎಂದಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಂತರ ವಾರ್ಡುಗಳನ್ನು 243 ಎಂದರು, 225 ಎಂದರು. 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿ 369 ಎಂದರು. ಅಷ್ಟರಲ್ಲಿ 2021–22ರಿಂದ 2025–26ರವರೆಗೆ ಐದು ಬಜೆಟ್‌ಗಳು ಒಬ್ಬ ಚುನಾಯಿತ ಸದಸ್ಯನ ಕೈಯೂ ಮೇಲೇಳದೆ ಜಾರಿಗೆ ಬಂದವು. ಕೊನೆಯದು 19,900 ಕೋಟಿಗೂ ಹೆಚ್ಚಿನದು. ಅಧಿಕಾರಿಗಳು ಅಸಮರ್ಥರೆಂದು ನಾನು ಹೇಳುತ್ತಿಲ್ಲ. ಅವರು ನಾಳೆ ವರ್ಗವಾಗಿ ಬೇರೆ ಇಲಾಖೆಗೆ ಹೋಗುತ್ತಾರೆ. ಮತ ಕೇಳಿಕೊಂಡು ನಮ್ಮ ಗೇಟಿಗೆ ಬರಬೇಕಾದ ಅಗತ್ಯ ಅವರಿಗಿಲ್ಲ.

ಇದರ ನಷ್ಟ ಎಲ್ಲಿ ಆಯಿತೆಂದು ಒಂದೇ ಉದಾಹರಣೆ ಕೊಡುತ್ತೇನೆ. 2021ರಲ್ಲಿ ಬೆಂಗಳೂರಿನ ಹೊಸ ಪಾರ್ಕಿಂಗ್ ನೀತಿಗೆ ಒಪ್ಪಿಗೆ ಸಿಕ್ಕಿತು. ಮನೆಯೆದುರಿನ ರಸ್ತೆಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕಿಷ್ಟು ಕಟ್ಟಿ ಪರ್ಮಿಟ್ ಪಡೆಯಬೇಕೆಂಬುದು ಅದರಲ್ಲಿತ್ತು. ನನಗೆ ಇದು ನ್ಯಾಯವಾಗಿ ಕಂಡಿತ್ತು. ರಸ್ತೆ ಎಲ್ಲರದು, ಒಬ್ಬರ ಕಾರಿಗೆ ಪುಕ್ಕಟೆ ಗ್ಯಾರೇಜ್ ಆಗಬಾರದು. ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿದ ಊರಿನಲ್ಲಿ ಇದನ್ನು ಮುಂದೂಡಿ ಫಲವೂ ಇಲ್ಲ. ಆದರೆ ಜನ ಸಿಟ್ಟಾದಾಗ ಬೀದಿಗೆ ಬಂದು, ‘ಈ ದುಡ್ಡು ನಿಮ್ಮ ವಾರ್ಡಿನ ಫುಟ್‌ಪಾತಿಗೇ ಬರುತ್ತದೆ, ನಾನು ಹೊಣೆ’ ಎನ್ನಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಕಷ್ಟದ ತೀರ್ಮಾನವನ್ನು ಜನರ ಬಾಯಿಗೆ ಒಗ್ಗುವಂತೆ ಮಾಡುವುದು ಸರ್ಕಾರಿ ಆದೇಶದ ಹಾಳೆಯಿಂದ ಆಗುವ ಕೆಲಸವಲ್ಲ.

ಇಲ್ಲಿ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. ಬಾಡಿಗೆ ಕೇಳಿದರೆ ಇಲ್ಲಿಯೂ ಎದೆ ಧಸಕ್ಕೆನ್ನುತ್ತದೆ. ಬಾಡಿಗೆ ಮಿತಿಯ ಕಾನೂನು ಇರಲೆಂದು ಕೇಂಬ್ರಿಡ್ಜ್ ಜನ 1994ರಲ್ಲಿ ಮತ ಹಾಕಿದರೂ, ಇಡೀ ರಾಜ್ಯದ ಮತ ಸೇರಿ ಅದನ್ನು ರದ್ದು ಮಾಡಿತು. ಊರಿನ ಮೇಲೆ ರಾಜ್ಯದ ಕೈ ಇಲ್ಲಿಯೂ ಭಾರವೇ. ಬಜೆಟ್ ತಯಾರಿಸುವವರು ನೇಮಕಗೊಂಡ ಸಿಟಿ ಮ್ಯಾನೇಜರ್. ಕೌನ್ಸಿಲರ್‌ಗಳು ಅದನ್ನು ಕತ್ತರಿಸಬಹುದು, ಒಂದು ಡಾಲರನ್ನೂ ಸೇರಿಸುವಂತಿಲ್ಲ. ವಾರ್ಡುಗಳೂ ಇಲ್ಲ, ಒಂಬತ್ತು ಜನರೂ ಇಡೀ ಊರಿಗೆ ಸೇರಿದವರು. ಇದರಲ್ಲಿ ನನಗೆ ನಮ್ಮ ಪದ್ಧತಿಯೇ ಮೇಲು ಅನಿಸುತ್ತದೆ. ಮೋರಿ ಕಟ್ಟಿಕೊಂಡು ಮಳೆನೀರು ಒಳಗೆ ನುಗ್ಗಿದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಲು ಒಬ್ಬರ ನಂಬರ್ ಇರುವುದು ಸಣ್ಣ ವಿಷಯವಲ್ಲ.

ಪಾರ್ಕಿಂಗ್ ನಿಯಮ ತೆಗೆದದ್ದನ್ನೂ ಹಾಗೇ ಎತ್ತಿಕೊಂಡು ಹೋಗಿ ಬೆಂಗಳೂರಿನಲ್ಲಿ ಇಡಿ ಎನ್ನಲಾರೆ. ಇಲ್ಲಿ ಹಾರ್ವರ್ಡ್ ಚೌಕಕ್ಕೆ ನೆಲದಡಿಯ ರೈಲು ಬಂದದ್ದು 1912ರಲ್ಲಿ. ನಮ್ಮ ಮೆಟ್ರೊ ಮೊದಲು ಓಡಿದ್ದು 2011ರಲ್ಲಿ. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಮೊದಲು ಮಾಡಿ ನೋಡಬಹುದು.

ಜನರ ಸ್ವಭಾವದಲ್ಲಂತೂ ಎರಡು ಊರಿಗೂ ಬಹಳ ವ್ಯತ್ಯಾಸ ಕಾಣೆ. ವಿಜಯನಗರದ ನಮ್ಮ ಬೀದಿಯಲ್ಲಿ ಮನೆಯೆದುರು ಹೂವಿನ ಕುಂಡ ಇಟ್ಟು ಜಾಗ ಹಿಡಿಯುತ್ತಾರೆ. ಪಕ್ಕದ ಬಾಸ್ಟನ್ನಿನಲ್ಲಿ ಹಿಮ ತೋಡಿ ಕಾರು ತೆಗೆದವರು ಆ ಗುಳಿಯಲ್ಲಿ ಕುರ್ಚಿ ಇಟ್ಟು ಹೋಗುತ್ತಾರೆ. ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆ ಆ ಕುರ್ಚಿ ಇರಬಹುದು, ಆಮೇಲೆ ಎತ್ತಬೇಕು ಎಂದು ಅಲ್ಲಿನ ನಗರಾಡಳಿತ ನಿಯಮ ಮಾಡಿದೆ. ಕುಂಡದ ವಿಷಯವನ್ನೂ ಹೀಗೆ ಯಾರಾದರೂ ಕೂತು ಮಾತಾಡಿ, ಎಷ್ಟು ಹೊತ್ತು, ಯಾರಿಗೆ ಎಂದು ತೀರ್ಮಾನಿಸಬೇಕಿತ್ತು.

ಕಳೆದ ಸಲ ಫೋನಿನಲ್ಲಿ ಅಪ್ಪನಿಗೆ ಆ ಎಂಟು–ಒಂದು ಮತದ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಿರಲಿ, ನಮ್ಮ ವಾರ್ಡ್ ನಂಬರ್ ಈಗ ಎಷ್ಟು ಅಂತ ನೋಡಿ ಹೇಳಪ್ಪ, ಇಲ್ಲಿ ಯಾರಿಗೂ ಗೊತ್ತಿಲ್ಲ’ ಎಂದರು.