ಗೇಟಿನಲ್ಲಿ ಲಸಿಕೆ ಸರ್ಟಿಫಿಕೇಟ್ ಕೇಳಬೇಕಾ?

2021ರ ಜೂನ್. ಕೊರೊನಾ ಎರಡನೇ ಅಲೆ ಇಳಿದು ಕಾರ್ಖಾನೆಗಳು ತೆರೆಯುತ್ತಿದ್ದವು. ನಾನಾಗ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಕೆಲಸ ನೋಡುತ್ತಿದ್ದೆ. ವಾಪಸ್ ಬರುವವರಿಗೆ ಧೈರ್ಯ ಬರಬೇಕಾದರೆ ಲಸಿಕೆ ಹಾಕಿಸಿಕೊಂಡವರನ್ನು ಮಾತ್ರ ಒಳಗೆ ಬಿಡಬೇಕಾ? ಆಫೀಸಿನಲ್ಲಿ, ಊಟದ ಹಾಲ್‌ನಲ್ಲಿ ಇದೇ ಮಾತು. ಮೊದಲು ನಾನು ಹೌದು ಅಂದಿದ್ದೆ, ಆಮೇಲೆ ಬೇಡ ಅಂದೆ. ಎರಡನ್ನೂ ಮನಸಾರೆ ನಂಬಿದ್ದೆ. ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ.

ಪರ: ಕೇಳಲೇಬೇಕು

ಹೊಲಿಗೆ ಲೈನಿನಲ್ಲಿ ಕೈ ಚಾಚಿದರೆ ಪಕ್ಕದ ಮೆಷಿನ್ ಸಿಗುತ್ತದೆ. ಒಬ್ಬಳು ಕಾಲರ್ ಕೂಡಿಸಿ ಪೀಸ್ ಮುಂದಕ್ಕೆ ತಳ್ಳುತ್ತಾಳೆ, ಮುಂದಿನವಳು ಅದಕ್ಕೆ ತೋಳು ಕೂಡಿಸುತ್ತಾಳೆ. ದಿನಪೂರ್ತಿ ಹೀಗೇ. ಕಂಪ್ಯೂಟರ್ ಕೆಲಸದವರು ಮನೆಯಲ್ಲೇ ಕೂತು ದುಡಿದರು. ಟೈಲರ್‌ಗೆ ಆ ಅನುಕೂಲ ಇಲ್ಲ. ಪಕ್ಕದಲ್ಲಿ ಯಾರು ಕೂರಬೇಕು ಅನ್ನುವುದೂ ಅವಳ ಕೈಯಲ್ಲಿಲ್ಲ. ಹಾಗಾಗಿ ಅವಳನ್ನು ಕಾಪಾಡುವ ಹೊಣೆ ಕಂಪನಿಯದ್ದೇ.

ಭಯ ಸುಮ್ನೆ ಹುಟ್ಟಿದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಿಗೆ ಸೋಂಕು ಕಾಣಿಸಿಕೊಂಡಿತು. ಜೊತೆಯವರು, ಅವರ ಮನೆಯವರು ಅಂತ ಲೆಕ್ಕ 70 ದಾಟಿತು. ಮೈಸೂರು ಕಡೆಯವರು ಆ ದಿನಗಳನ್ನು ಇನ್ನೂ ಮರೆತಿಲ್ಲ.

ಕಾಗದ ಕೇಳುವುದು ಹೊಸದೂ ಅಲ್ಲ. ಹಳದಿ ಜ್ವರ ಇರುವ ದೇಶಗಳಿಂದ ಬರುವವರ ಲಸಿಕೆ ಕಾರ್ಡನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ನೋಡುತ್ತಾರೆ. 2021ರ ಡಿಸೆಂಬರ್‌ನಲ್ಲಿ ಒಮಿಕ್ರಾನ್ ಬಂದಾಗ ಕರ್ನಾಟಕ ಸರ್ಕಾರವೇ ಎರಡು ಡೋಸ್ ಆದವರಿಗೆ ಮಾತ್ರ ಮಾಲ್, ಸಿನಿಮಾ ಮಂದಿರ ಅಂದಿತು. ಸಿನಿಮಾ ನೋಡುವವರಿಗೆ ಇರುವ ರಕ್ಷಣೆ ದುಡಿಯುವವರಿಗೆ ಬೇಡ್ವಾ?

ನಮ್ಮಲ್ಲಿ ಹೆಲ್ಪರ್ ಅಕ್ಕ ಒಬ್ಬರಿದ್ದರು. ವಯಸ್ಸು 45 ದಾಟಿದ್ದರಿಂದ ಲಸಿಕೆ ಬೇಗ ಸಿಕ್ಕಿತ್ತು. ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ ಟಿಫಿನ್ ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಒಂದು ದಿನ ಅದನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು: "ನಾನು ಹಾಕಿಸ್ಕೊಂಡೆ ಮೇಡಂ. ಪಕ್ಕದೋಳು ಹಾಕಿಸ್ಕೊಂಡಿಲ್ಲ. ನಮ್ಮತ್ತೆಗೆ ಶುಗರ್ ಇದೆ. ನಾನೇನ್ ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೇಟಿನಲ್ಲಿ ಕೇಳುವ ನಿಯಮ ಇದ್ದಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ.

ವಿರೋಧ: ಕೇಳಬಾರದು

ಮೊದಲು ತಾರೀಖು ನೋಡಿ. ಗಾರ್ಮೆಂಟ್ಸ್‌ಗಳಿಗೆ ಶೇ 30 ಜನರನ್ನು ಕರೆಸಿಕೊಳ್ಳಲು ಅನುಮತಿ ಸಿಕ್ಕಿದ್ದು 2021ರ ಜೂನ್ 14ಕ್ಕೆ. 18 ದಾಟಿದ ಎಲ್ಲರಿಗೂ ಕೇಂದ್ರದ ಉಚಿತ ಲಸಿಕೆ ಶುರುವಾಗಿದ್ದು ಜೂನ್ 21ಕ್ಕೆ. ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ ಆಗ 12ರಿಂದ 16 ವಾರ ಅಂತರ. ಅಂದರೆ ಮೊದಲ ದಿನವೇ ಕ್ಯೂ ನಿಂತ ಹುಡುಗಿಗೂ ಎರಡನೇ ಡೋಸ್ ಸೆಪ್ಟೆಂಬರ್‌ಗೇ. ಅಲ್ಲಿಯವರೆಗೆ ಮನೆ ಬಾಡಿಗೆ ಕಟ್ಟೋರು ಯಾರು?

ಕಡ್ಡಾಯದ ದಾರಿಯನ್ನು ಅದಕ್ಕೂ ಮುಂಚೆ ನೋಡಿದ್ದೆವು. 2020ರ ಮೇ 1ರ ಆದೇಶದಲ್ಲಿ ಕೇಂದ್ರವು ನೌಕರರೆಲ್ಲರಿಗೂ ಆರೋಗ್ಯ ಸೇತು, ಅಂದರೆ ಸೋಂಕಿತರ ಹತ್ತಿರ ಹೋಗಿದ್ದರೆ ತಿಳಿಸುವ ಮೊಬೈಲ್ ಆ್ಯಪ್, ಕಡ್ಡಾಯ ಮಾಡಿತು. ಮೇ 17ಕ್ಕೆ 'ಸಾಧ್ಯವಾದಷ್ಟು' ಅಂತ ಸಡಿಲಿಸಿತು. ಮನೆಯಲ್ಲಿರುವ ಒಂದೇ ಸ್ಮಾರ್ಟ್‌ಫೋನು ಮಗುವಿನ ಆನ್‌ಲೈನ್ ಕ್ಲಾಸಿಗೆ ಹೋದರೆ ತಾಯಿ ಏನು ತೋರಿಸಬೇಕು? ಲಸಿಕೆ ಹಾಕಿಸಿಕೊಳ್ಳಿ ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು. ಆರೋಗ್ಯದ ಕಾರಣಕ್ಕೆ ನಿರ್ಬಂಧ ಹಾಕಬಹುದು, ಆದರೆ ಅದು ಅಳತೆ ಮೀರಬಾರದು ಅಂತಲೂ ಹೇಳಿತು. ದುಡಿಮೆಯನ್ನೇ ಕಿತ್ತುಕೊಳ್ಳುವುದು ಅಳತೆ ಮೀರಿದ್ದೇ ಅಲ್ವಾ?

ಲಸಿಕೆ ಜೀವ ಉಳಿಸಿತು, ಅದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ. ಅಮ್ಮನನ್ನು ಕರೆದುಕೊಂಡು ಹೋಗಿ ಹಾಕಿಸಿದ್ದೇನೆ. ಆದರೆ ಅದು ಹರಡುವುದನ್ನು ಪೂರ್ತಿ ತಡೆಯಲಿಲ್ಲ. 2022ರ ಜನವರಿಯಲ್ಲಿ ಎರಡು ಡೋಸ್ ಆದವರೇ ನಮ್ಮಲ್ಲಿ ಸಾಲಾಗಿ ಮಲಗಿದರು.

ನಿಜವಾದ ತೊಂದರೆ ನನಗೆ ಕಂಡಿದ್ದು ಗೇಟಿನಲ್ಲೇ. ಒಬ್ಬ ಟೈಲರ್ ಮುಖ ಬಾಡಿತ್ತು, ಕಣ್ಣು ಕೆಂಪಾಗಿತ್ತು. ಸೆಕ್ಯೂರಿಟಿ ಅಣ್ಣ ಮುಂಗೈಗೆ ಜ್ವರ ನೋಡುವ ಗನ್ ಹಿಡಿದರೆ ಜ್ವರ ಇಲ್ಲ. ಒಳಗೆ ಕರೆದು ಕೇಳಿದಾಗ ಅತ್ತುಬಿಟ್ಟಳು. ಬೆಳಿಗ್ಗೆ ಐದಕ್ಕೇ ಡೋಲೊ ನುಂಗಿ ಬಂದಿದ್ದಳು. ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ, ಜೊತೆಗೆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಇಎಸ್‌ಐನಲ್ಲಿ, ಅಂದರೆ ನೌಕರರ ಸರ್ಕಾರಿ ವಿಮೆಯಲ್ಲಿ, ಕಾಯಿಲೆ ರಜೆಗೆ ಸಂಬಳದ ಶೇ 70, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಪ್ರತಿ ತಿಂಗಳು ಅವಳ ಸಂಬಳದಿಂದಲೂ ಅದಕ್ಕೆ ದುಡ್ಡು ಹಿಡಿಯುತ್ತಿದ್ದೆವು. ಆದರೆ ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು.

ಹೆಲ್ಪರ್ ಅಕ್ಕನ ಪಕ್ಕದೋಳನ್ನೂ ಕೇಳಿದೆ, ಯಾಕಮ್ಮ ಹಾಕಿಸಿಕೊಂಡಿಲ್ಲ ಅಂತ. ಅವಳಿಗೆ ಸೂಜಿ ಭಯ ಇರಲಿಲ್ಲ. "ಮಾರನೇ ದಿನ ಜ್ವರ ಬರುತ್ತಂತೆ ಮೇಡಂ, ಬೋನಸ್ ಹೋಗುತ್ತೆ" ಅಂದಳು.

ಮುಂದಿನ ವಾರ ಮ್ಯಾನೇಜ್‌ಮೆಂಟ್ ಜೊತೆ ಕೂತು ನಾಲ್ಕು ಕೆಲಸ ಮಾಡಿಸಿದೆವು. ಕಾರ್ಟನ್ ಅಡ್ಡ ಇಟ್ಟು ಮುಚ್ಚಿಹೋಗಿದ್ದ ಕಿಟಕಿಗಳನ್ನು ತೆಗೆಸಿದೆವು. ಗಾಳಿ ಆಡದ ಕಡೆ ಸೋಂಕು ಜಾಸ್ತಿ ಹರಡುತ್ತದಲ್ವಾ. ಊಟ ಮೂರು ಸರದಿಯಲ್ಲಿ ಅಂತಾಯಿತು. ಲಸಿಕೆ ಕ್ಯಾಂಪನ್ನು ಕಾರ್ಖಾನೆ ಒಳಗೇ ಹಾಕಿಸಿದೆವು. ಮಾರನೇ ದಿನ ಜ್ವರ ಬಂದರೆ ಸಂಬಳ ಸಮೇತ ರಜೆ, ಬೋನಸ್ ಕಟ್ ಇಲ್ಲ ಅಂತ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದೆವು.

ಕ್ಯಾಂಪ್ ದಿನ ಪಕ್ಕದೋಳು ಕ್ಯೂನಲ್ಲಿ ನಿಂತಿದ್ದಳು. ಅವಳ ಟಿಫಿನ್ ಬ್ಯಾಗ್ ಹೆಲ್ಪರ್ ಅಕ್ಕನ ಕೈಯಲ್ಲಿತ್ತು.