ಬೋಲ್ಟಿಗೊಂದು ಟೋಪಿ

ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು "ಬೋಲ್ಟಿಗೆ ಟೋಪಿ ಹಾಕಬೇಕಿತ್ತು" ಎಂದೆ. ತಕ್ಕಡಿಗೆ ಮೊಳೆ ಸುರಿಯುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಬೋಲ್ಟಿಗೆ ಯಾಕೆ ಸಾರ್, ಟೋಪಿ ಹಾಕಿಸಿಕೊಳ್ಳೋಕೆ ಜನ ಬೇಕಾದಷ್ಟಿದ್ದಾರಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹದಿನೈದು ದಿನದಿಂದ ಆ ಬೋಲ್ಟುಗಳ ಹಿಂದೆಯೇ ಅಲೆದಿದ್ದೆ.

ನಮ್ಮದು ಕೊಡಗಿನ ಮನೆ. ಮನೆಯೆಂದರೆ ಕೋವಿ ಇದ್ದೇ ಇರುತ್ತದೆ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ನಾನು ಚಿಕ್ಕವನಿದ್ದಾಗ ಅಜ್ಜಯ್ಯನ ಕೋವಿ ನಡುಮನೆಯ ಗೋಡೆಯಲ್ಲಿ ಎರಡು ಮರದ ಗೂಟದ ಮೇಲೆ ಮಲಗಿರುತ್ತಿತ್ತು. ತೋಟಾಗಳು ಅವ್ವನ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ. ಅಷ್ಟೇ ಭದ್ರತೆ. ಈಗ ಮನೆಯಲ್ಲಿ ಎಲ್ಲದಕ್ಕೂ ಕೈ ಹಾಕುವ ಎರಡು ಮಕ್ಕಳಿವೆ. ಅದಕ್ಕೇ ಬೀಗದ ಉಕ್ಕಿನ ಪೆಟ್ಟಿಗೆ ತಂದೆ.

ಪೆಟ್ಟಿಗೆಯನ್ನು ಯಾರೂ ಹೊತ್ತುಕೊಂಡು ಹೋಗಬಾರದಲ್ಲ, ಹಾಗಾಗಿ ಅದನ್ನು ನೆಲಕ್ಕೂ ಗೋಡೆಗೂ ಕಚ್ಚಿಸಬೇಕು. ನೆಲಕ್ಕೆರಡು, ಗೋಡೆಗೆರಡು, 12 ಮಿಲಿಮೀಟರಿನ ಆಂಕರ್ ಬೋಲ್ಟು. ನಟ್ಟು ತಿರುಗಿಸಿದಂತೆ ಬೋಲ್ಟಿನ ಬುಡದ ದಪ್ಪ ಭಾಗ ಮೇಲೆ ಸೆಳೆದು, ಸುತ್ತಲಿನ ತಗಡಿನ ತೋಳನ್ನು ಅಗಲಿಸುತ್ತದೆ. ಅದು ಕಾಂಕ್ರೀಟನ್ನು ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿತೋ, ಮುಗೀತು. ಹೊಡೆದು ಒಳಗೆ ತಳ್ಳುವ ಹಾಗಿಲ್ಲ. ತೂತು ಕೊರೆದ ಹುಡುಗ ಆಳ ಸ್ವಲ್ಪ ಕಮ್ಮಿ ಮಾಡಿದ್ದ. ನಾಲ್ಕೂ ಬೋಲ್ಟು ನಟ್ಟಿನ ಮೇಲೆ ಮುಕ್ಕಾಲು ಇಂಚು ಮೂತಿ ಎತ್ತಿಕೊಂಡು ನಿಂತವು. "ಒಳಗೆ ಯಾರು ನೋಡ್ತಾರೆ ಸಾರ್" ಎಂದು ಡ್ರಿಲ್ಲು ಸುತ್ತಿಕೊಂಡು ಹೋದ.

ಕೋವಿ ನೋಡಿತು. ಮೂರನೇ ದಿನ ಹೊರಗೆ ತೆಗೆದರೆ ಮರದ ಹಿಡಿಯ ಮೇಲೆ ಬೆರಳುದ್ದದ ಬಿಳಿ ಗೀರು. ಅರವತ್ತು ವರ್ಷ ಗೂಟದ ಮೇಲೆ ಮಲಗಿ, ಮಳೆ ಕಂಡು, ಗದ್ದೆ ತುಳಿದು ಬಂದ ಕೋವಿಗೆ ಗಾಯವಾದದ್ದು ಅದನ್ನು ಕಾಯಲೆಂದು ತಂದ ಪೆಟ್ಟಿಗೆಯೊಳಗೆ. ಬೇಲಿ ಹೊಲ ಮೇಯುವ ಗಾದೆ ನೆನಪಾಯಿತು. ಅಪ್ಪ ಏನೂ ಅನ್ನಲಿಲ್ಲ. ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಗ್ರೈಂಡರಿನಲ್ಲಿ ಕತ್ತರಿಸಿಬಿಡೋಣ ಎಂದೆ. ಅಪ್ಪ ಬೇಡ ಎಂದರು. ಕಿಡಿ ಹಾರಿ ಒಳಗಿನ ಬಣ್ಣಕ್ಕೆ ಅಂಟಿದರೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಏಳುತ್ತದೆ. ಕತ್ತರಿಸಿದ ಬಾಯಿ ಇನ್ನೂ ಹರಿತ. ಬೋಲ್ಟಿನ ಮರೆ, ಅಂದರೆ ಥ್ರೆಡ್ಡು, ಕೆಟ್ಟರೆ ನಾಳೆ ನಟ್ಟು ಬಿಚ್ಚಲಿಕ್ಕೂ ಆಗದು.

ಮೊದಲು ಹಳೇ ಹವಾಯಿ ಚಪ್ಪಲಿ ಕೊಯ್ದು, ತೂತು ಮಾಡಿ ತೊಡಿಸಿದೆ. ಹೊರಗೆ ಜಡಿಮಳೆ. ಒಂದೇ ವಾರಕ್ಕೆ ಚಪ್ಪಲಿಗೆ ಬೂಸ್ಟು ಬಂತು. ನಮ್ಮೂರಿನ ಮಳೆಗಾಲದಲ್ಲಿ ಸ್ಪಂಜು, ಬಟ್ಟೆ, ಚರ್ಮ ಯಾವುದನ್ನೂ ಕಬ್ಬಿಣದ ಪಕ್ಕ ಇಡಬಾರದು. ನೀರು ಕುಡಿದು ಸುಮ್ನೆ ಕೂತಿರುತ್ತವೆ.

ಆಮೇಲೆ ಹೊಳೆದದ್ದು ನನ್ನ ಪ್ರಕಾರ ಭಾರೀ ಉಪಾಯ: ಖಾಲಿ ತೋಟಾ! ಕೋವಿಯೂ 12 ಬೋರು, ಬೋಲ್ಟೂ 12. ಹಾಕಿ ನೋಡಿದರೆ ಲೊಡಲೊಡ. ಆ 12 ಬೇರೆ, ಈ 12 ಬೇರೆ. ಬೋಲ್ಟಿನದು ಮಿಲಿಮೀಟರ್. ಕೋವಿಯದು ಸೀಸದ ಲೆಕ್ಕ: ನಳಿಗೆಯ ಬಾಯಿಯಷ್ಟೇ ದಪ್ಪದ 12 ಸೀಸದ ಗುಂಡು ಸೇರಿದರೆ ಒಂದು ಪೌಂಡು. ಆ ಬಾಯಿ ಹದಿನೆಂಟೂವರೆ ಮಿಲಿಮೀಟರ್ ಹತ್ತಿರ ಬರುತ್ತದೆ. ಬಟ್ಟೆ ತುರುಕಿ ಬಿಗಿ ಮಾಡುತ್ತಿದ್ದಾಗ ಅವ್ವ ಬಂದರು. "ಎಂತ ಅದು? ಖಾಲಿಯೋ ತುಂಬಿದ್ದೋ ಅಂತ ಮಕ್ಕಳಿಗೆ ಹೇಗೆ ಗೊತ್ತಾಗ್ಬೇಕು?" ಉತ್ತರ ಇರಲಿಲ್ಲ. ಬಿಚ್ಚಿದೆ.

ಕೊನೆಗೆ ಆ ನಗುವ ಅಂಗಡಿಯವರೇ ದಾರಿ ತೋರಿಸಿದ್ದು. ಮೊದಲು ಡೋಮ್ ನಟ್ಟು ಕೊಟ್ಟರು, ತಲೆ ಗುಂಡಗೆ ಮುಚ್ಚಿರುವ ನಟ್ಟು. ಮೂತಿ ಉದ್ದವಾದ್ದರಿಂದ ಪೂರ್ತಿ ಇಳಿಯಲಿಲ್ಲ. ಮತ್ತೆ ಹೋದಾಗ ಕಬ್ಬಿಣದ ಕುರ್ಚಿಯ ಕಾಲಿಗೆ ತೊಡಿಸುವ ಕಪ್ಪು ಬುಷ್ ತೆಗೆದರು, ಅರ್ಧ ಇಂಚಿನ ಪೈಪಿನದು. ನಾಲ್ಕಕ್ಕೆ 40 ರೂಪಾಯಿ. ಬೋಲ್ಟಿಗೆ ಒಂದು ಸುತ್ತು ಟೇಪ್ ಸುತ್ತಿ ಒತ್ತಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು. ಗೋಡೆಯ ಎರಡು ಬೋಲ್ಟಿನ ಕಥೆ ಅಲ್ಲಿಗೆ ಮುಗಿಯಿತು.

ನೆಲದ್ದಕ್ಕೆ ಅದು ಸಾಲದು ಎಂದರು ಅಪ್ಪ. ಕೋವಿಯ ಭಾರವೆಲ್ಲ ಅಲ್ಲೇ ನಿಲ್ಲುವುದು, ಬುಷ್ ಮೇಲೆ ಕೂತರೆ ಓಲಾಡುತ್ತದೆ. ಹಿತ್ತಲಲ್ಲಿ ಬಿದ್ದಿದ್ದ ಒಂದೂವರೆ ಇಂಚು ದಪ್ಪದ ಸಿಲ್ವರ್ ಓಕ್ ಹಲಗೆಯನ್ನು ಅಳತೆಗೆ ಕೊಯ್ದರು. ಬೋಲ್ಟು ಕೂರುವ ಜಾಗದಲ್ಲಿ ಅಡಿಯಿಂದ ಗುಂಡಿ ಕೊರೆಯಬೇಕು, ಮೇಲೆ ತೂತು ಕಾಣಬಾರದು. ಜಾಗ ಗುರುತು ಮಾಡುವುದು ಹೇಗೆ? ನಾನು ಟೇಪು, ಪೆನ್ಸಿಲ್ಲು ಹಿಡಿದು ಲೆಕ್ಕ ಹಾಕುತ್ತಿದ್ದೆ. ಅಪ್ಪ ಒಳಗೆ ಹೋಗಿ ಅವ್ವನ ಕುಂಕುಮದ ಭರಣಿ ತಂದರು. ಎರಡು ಹನಿ ಎಣ್ಣೆಯಲ್ಲಿ ಕಲಸಿ ಎರಡೂ ಬೋಲ್ಟಿನ ತುದಿಗೆ ಹಚ್ಚಿ, ಹಲಗೆ ಇಟ್ಟು ಅಂಗೈಯಲ್ಲಿ ಒತ್ತಿ ಎತ್ತಿದರು. ಹಲಗೆಯ ಅಡಿಯಲ್ಲಿ ಎರಡು ಕೆಂಪು ಬೊಟ್ಟು. ಅದರ ಮೇಲೇ ಡ್ರಿಲ್ಲು ಇಟ್ಟು ಇಂಚೂಕಾಲು ಇಳಿಸಿದರು. ಹಲಗೆ ಟಕ್ ಎಂದು ಕೂತಿತು. ಬೋಲ್ಟು ಇದ್ದ ಸುಳಿವೇ ಇಲ್ಲ.

ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್, ನಮ್ಮ ಆಯುಧಗಳ ಹಬ್ಬ. ನಾಟಿ ಮುಗಿದು ಕೋವಿ, ಕತ್ತಿ, ಸಲಕರಣೆಗಳಿಗೆಲ್ಲ ಪೂಜೆ. ಕೋವಿಯ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದೆವು. ಒಲೆಯ ಮೇಲೆ ಪಂದಿ ಕರಿ ಕುದಿಯುತ್ತಿತ್ತು. ಅವ್ವ ಕತ್ತಿಗೆ, ಗುದ್ದಲಿಗೆ, ಡ್ರಿಲ್ಲಿಗೆ ಕುಂಕುಮ ಇಡುತ್ತಾ ಬಂದು ತೆರೆದ ಪೆಟ್ಟಿಗೆಯ ಮುಂದೆ ನಿಂತರು. ಬಾಗಿಲಿಗಿಟ್ಟರು, ಬೀಗಕ್ಕಿಟ್ಟರು, ಎರಡು ಕಪ್ಪು ಬುಷ್‌ಗೂ ಇಟ್ಟರು. ಬಗ್ಗಿ ಹಲಗೆ ನೋಡಿ, "ಇದರಡಿಯದ್ದಕ್ಕೆ?" ಎಂದು ಕೇಳಿದರು.

"ಅದಕ್ಕೆ ಆಗ್ಲೇ ಇಟ್ಟಾಗಿದೆ" ಎಂದರು ಅಪ್ಪ.